ವನಜತ್ತೆ ಗನ್ ಹಿಡಿದ ಮಳೆಗಾಲ

ಆಗೆಲ್ಲ ನಮ್ಮ ಕೊಪ್ಪದ ಕಡೆ ಬಣ್ಣ ಮಾಸಿತೆಂದು ಯಾರೂ ಗಾಡಿ ಮಾರುತ್ತಿರಲಿಲ್ಲ. ಬಣ್ಣ ಹೊಡೆಸುತ್ತಿದ್ದರು. ಜೀಪು ಗೇಟಿಗೆ ಉಜ್ಜಿಕೊಂಡರೆ, ಸ್ಕೂಟರ್ ಜಾರಿ ಬಿದ್ದರೆ, ತವರಿನಿಂದ ಬಂದ ಕಬ್ಬಿಣದ ಬೀರು ತುಕ್ಕು ಹಿಡಿದರೆ, ಎಲ್ಲದಕ್ಕೂ ನರಸಿಂಹರಾಜಪುರ ರಸ್ತೆಯಲ್ಲಿದ್ದ ನಮ್ಮ ಶೆಡ್ಡೇ ಗತಿ. ಅಪ್ಪಯ್ಯನಿಗೆ ಊರಲ್ಲಿ ಪೇಂಟರ್ ಶೇಷಣ್ಣ ಅಂತಲೇ ಹೆಸರು. ಶೆಡ್ಡಿನ ಹಿಂಬದಿಯ ಗೋಡೆಗೆ ಅಂಟಿಕೊಂಡಂತೆ ನಮ್ಮ ಮನೆ. ಹಾಗಾಗಿ ಊರಿನ ಯಾವ ಜೀಪಿಗೆ ಈಗ ಯಾವ ಬಣ್ಣ ಬೀಳುತ್ತಿದೆ ಎಂಬುದು ನಮ್ಮ ಅಡುಗೆಮನೆಯ ಕಿಟಕಿಯ ಮೇಲೆ ಕೂತ ಧೂಳು ನೋಡಿದರೆ ಗೊತ್ತಾಗುತ್ತಿತ್ತು.

ಬಣ್ಣ ಚಿಮ್ಮಿಸುವ ಸ್ಪ್ರೇ ಗನ್ನಿಗೆ ನಾವು ಬರೀ ಗನ್ ಅನ್ನುತ್ತಿದ್ದೆವು. ಚಿಕ್ಕ ಕ್ಲಾಸಿನಲ್ಲಿದ್ದಾಗ ನಾನು ಶಾಲೆಯಲ್ಲಿ, "ನಮ್ಮನೇಲಿ ಗನ್ ಇದೆ ಗೊತ್ತಾ?" ಅಂತ ಜಂಬ ಕೊಚ್ಚಿಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಕಣ್ಣರಳಿಸಿ, "ನಿಮ್ಮಪ್ಪ ಹಂದಿ ಹೊಡೀತಾರಾ?" ಅಂತ ಕೇಳಿದಳು. "ಇಲ್ಲ, ಜೀಪಿಗೆ ಹೊಡೀತಾನೆ" ಅಂದೆ. ಅವಳಿಗೆ ನನ್ನ ಅಪ್ಪಯ್ಯನ ಮೇಲೆ ಬಹಳ ದಿನ ಭಯವಿತ್ತು.

ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಮಾತ್ರ ಶೆಡ್ಡಿನಲ್ಲಿರಲಿಲ್ಲ. ಅದು ಮನೆಯ ಹಿತ್ತಲ ಕಡೆ, ತಗಡಿನ ಮಾಡಿನ ಕೆಳಗೆ ನಿಂತಿತ್ತು. ಅಲ್ಲಿಂದ ಗೋಡೆಯ ತೂತಿನಲ್ಲಿ ಪೈಪು ಹಾದು ಶೆಡ್ಡಿಗೆ ಬರುತ್ತಿತ್ತು. ಬಣ್ಣದ ಧೂಳು, ಬಣ್ಣ ತೆಳು ಮಾಡುವ ಥಿನ್ನರಿನ ಹೊಗೆ ಅದರೊಳಗೆ ಹೋಗಬಾರದು ಅಂತ ಅಪ್ಪಯ್ಯ ಹಾಗೆ ಮಾಡಿದ್ದ. "ಕಂಪ್ರೆಸರ್ ಒಳ್ಳೆ ಗಾಳಿ ಎಳಕೊಂಡ್ರೆ ಗನ್ ಒಳ್ಳೆ ಗಾಳಿ ಬಿಡ್ತದೆ" ಎನ್ನುತ್ತಿದ್ದ. ಅಮ್ಮ ಒಮ್ಮೆ ಅಕ್ಕಿರೊಟ್ಟಿ ತಟ್ಟುತ್ತಾ, ತಲೆಯೆತ್ತದೆ ಹೇಳಿದಳು: "ಮೆಷಿನ್ನಿಗೆ ಒಳ್ಳೆ ಗಾಳಿ ಬೇಕು. ನಿಮಗೆ ಬೇಡ ಅಲ್ದಾ?"

ಅಪ್ಪಯ್ಯ ನಕ್ಕ. ಆ ನಗು ಕೆಮ್ಮಾಯಿತು. ಕೆಮ್ಮು ಬೇಗ ನಿಲ್ಲಲಿಲ್ಲ.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಆ ಕೆಮ್ಮು ಉಬ್ಬಸವಾಯಿತು. ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿದರು. ಹೋಗುವಾಗ ಅಪ್ಪಯ್ಯ ಬಸ್ಸಿನಲ್ಲಿ ಎದುರು ಬಂದ ಗಾಡಿಗಳಿಗೆಲ್ಲ, ಇದು ನಾನು ಹೊಡೆದಿದ್ದು, ಅದು ನಾನು ಹೊಡೆದಿದ್ದು ಅಂತ ಕೈ ತೋರಿಸುತ್ತಾ ಹೋದನಂತೆ. ಬರುವಾಗ ಒಂದು ಮಾತೂ ಆಡಲಿಲ್ಲವಂತೆ. ಮನೆಗೆ ಬಂದ ಮೇಲೆ ಅಮ್ಮನೇ ಹೇಳಿದಳು: ಇನ್ನು ಬಣ್ಣದ ಹೊಗೆಯೊಳಗೆ ನಿಂತರೆ ಶ್ವಾಸಕೋಶ ಉಳಿಯುವುದಿಲ್ಲ, ಶೆಡ್ಡಿನೊಳಗೆ ಕಾಲಿಡಬಾರದು.

ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪಯ್ಯ, ಅಮ್ಮ, ನಾನು, ಮತ್ತೆ ವನಜತ್ತೆ. ವನಜತ್ತೆ ಅಪ್ಪಯ್ಯನ ತಂಗಿ. ಕಿಗ್ಗದಲ್ಲಿ ಅಜ್ಜ ಅಜ್ಜಿ ಹೋದ ಮೇಲೆ ನಮ್ಮ ಜೊತೆಗೇ ಇದ್ದಳು. ಮದುವೆಯಾಗಿರಲಿಲ್ಲ, ಯಾಕೆ ಅಂತ ಕೇಳುವ ವಯಸ್ಸು ನನ್ನದಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಒಂದೆರಡು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಕಡಿಮೆಯೋ, ಮಾತು ಕಡಿಮೆಯೆಂದು ಸೂಜಿ ಕಚ್ಚಿಕೊಳ್ಳುತ್ತಿದ್ದಳೋ ಗೊತ್ತಿಲ್ಲ.

ಶೆಡ್ಡಿನ ಬಾಗಿಲು ಹಾಕಿಯೇ ಇತ್ತು. ಕೆಲಸ ಕೇಳಿಕೊಂಡು ಬಂದವರನ್ನು ಅಪ್ಪಯ್ಯ, "ಮಳೆಗಾಲ ಕಳೀಲಿ ಮಾರಾಯ್ರೆ" ಅಂತ ಹೇಳಿ ಕಳಿಸುತ್ತಿದ್ದ. ಮಳೆಗಾಲ ಇನ್ನೂ ಶುರುವೇ ಆಗಿರಲಿಲ್ಲ. ಅಂಥ ಒಂದು ಸಂಜೆ ವನಜತ್ತೆ ಬಾಯಿಂದ ಸೂಜಿ ತೆಗೆದು, "ನಾನು ಹೊಡೀತೀನಿ" ಅಂದಳು.

"ಎಂತ?" ಅಂದ ಅಪ್ಪಯ್ಯ.

"ಬಣ್ಣ."

"ಅದು ರವಿಕೆ ಹೊಲಿದಂಗಲ್ಲ ಮಾರಾಯ್ತಿ."

"ರವಿಕೆ ಹೊಲಿಯಕ್ಕೆ ನಿಂಗೆ ಬರ್ತದನಾ? ಬರದೇ ಇದ್ದಿದ್ದು ಸುಲಭ ಅಂತ ಹೆಂಗೆ ಗೊತ್ತಾಯ್ತು?"

ಅಪ್ಪಯ್ಯ ಎದ್ದು ಒಳಗೆ ಹೋದ. ಆದರೆ ಮಾರನೇ ದಿನ ಶೆಡ್ಡಿನ ಬೀಗದಕೈ ಅವಳ ಹೊಲಿಗೆ ಮೆಷಿನ್ನಿನ ಮೇಲಿತ್ತು.

ಮೊದಲು ಎದುರಾದದ್ದು ಗನ್ನಿನದೇ ತೊಂದರೆ. ಅಪ್ಪಯ್ಯನದು ಹಳೇ ಕಾಲದ ದೊಡ್ಡ ಗನ್. ಬಣ್ಣದ ಡಬ್ಬ ಕೆಳಗೆ ನೇತಾಡುತ್ತಿತ್ತು, ಗಾಳಿಯ ರಭಸಕ್ಕೆ ಬಣ್ಣ ಅದರಿಂದ ಮೇಲೇರಿ ಬರಬೇಕು. ಡಬ್ಬ ತುಂಬಿದರೆ ವನಜತ್ತೆಯ ಮಣಿಕಟ್ಟು ನಡುಗುತ್ತಿತ್ತು. ಅಂಗಳದಲ್ಲಿ ಬರೀ ನೀರು ತುಂಬಿ ಹೊಡೆಸಿ ನೋಡಿದ ಅಪ್ಪಯ್ಯ, "ಇದು ನಿಂಗಲ್ಲ. ಇದಕ್ಕೆ ಗಾಳಿಯೂ ಜಾಸ್ತಿ ಬೇಕು, ನಮ್ಮ ಕಂಪ್ರೆಸರ್ರಿಗೆ ಮೊದಲೇ ವಯಸ್ಸಾಗಿದೆ" ಅಂದ. ಶಿವಮೊಗ್ಗಕ್ಕೆ ಹೋಗಿ ಬೇರೆ ಗನ್ ತರುವುದೆಂದಾಯಿತು. ರಜೆಯಾದ್ದರಿಂದ ನನ್ನನ್ನೂ ಕರೆದುಕೊಂಡು ಹೋದರು.

ಅಂಗಡಿಯವನು ಮೇಜಿನ ಮೇಲೆ ಗನ್ನುಗಳನ್ನು ಸಾಲಾಗಿ ಇಟ್ಟ. ಅತ್ತೆ ಒಂದೊಂದನ್ನೇ ಎತ್ತಿ, ಕೈ ಚಾಚಿ, ಹಾಗೇ ಹಿಡಿದುಕೊಂಡು ನಿಲ್ಲುತ್ತಿದ್ದಳು. ಕೊನೆಗೆ ಒಂದನ್ನು ಹಿಡಿದವಳು ಕೆಳಗಿಡಲಿಲ್ಲ. ಅದರ ಡಬ್ಬ ಚಿಕ್ಕದು, ಮೇಲ್ಗಡೆ ಇತ್ತು. ಬಣ್ಣ ತನ್ನ ಭಾರಕ್ಕೆ ತಾನೇ ಇಳಿಯುವುದರಿಂದ ಗಾಳಿ ಅಷ್ಟು ಬೇಡ ಅಂತ ಅಪ್ಪಯ್ಯ ವಿವರಿಸಿದ. "ಯಾರಿಗೆ ಸಾರ್ ಗನ್ನು?" ಅಂತ ಅಂಗಡಿಯವನು ಕೇಳಿದ.

ಅಪ್ಪಯ್ಯ, "ಕೆಲಸಕ್ಕೆ ಒಬ್ಬ ಹುಡುಗ ಬರ್ತಾನೆ. ಅವನಿಗೆ" ಅಂದ.

ಬಸ್ಸಿನಲ್ಲಿ ವನಜತ್ತೆ ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ತೀರ್ಥಹಳ್ಳಿಯಲ್ಲಿ ಅಪ್ಪಯ್ಯ ಇಳಿದು ನಮಗೆಲ್ಲ ಬಿಸಿ ಗೋಳಿಬಜೆ ತಂದ. ಅವಳು ತನ್ನ ಪಾಲನ್ನೂ ನನಗೇ ಕೊಟ್ಟಳು.

ಅಲ್ಲಿಂದ ಮುಂದೆ ಅವಳ ಪಾಠಶಾಲೆ ನನ್ನ ಸೈಕಲ್ಲು. ಮೊದಲು ಶೆಡ್ಡಿನ ಬಾಗಿಲ ಮೇಲೆ ನೀರು ಹೊಡೆದಳು, ಆಮೇಲೆ ಹಳೇ ಪೇಪರುಗಳ ಮೇಲೆ ಉಳಿದ ಬಣ್ಣ ಹೊಡೆದಳು. ಅದು ಕೈಗೆ ಹತ್ತಿದ ಮೇಲೆ ನನ್ನ ಸೈಕಲ್ಲನ್ನು ಬಿಚ್ಚಿ ಚೌಕಟ್ಟು ನೇತುಹಾಕಿದಳು. ಅಪ್ಪಯ್ಯ ಅಂಗಳದ ಬೆಂಚಿನಿಂದಲೇ ಕೂಗಿ ಹೇಳುತ್ತಿದ್ದ. ಒಂದು ಗೇಣು ದೂರ ಹಿಡಿ. ಮಣಿಕಟ್ಟು ತಿರುಗಿಸಬೇಡ, ತೋಳೇ ಹೋಗಲಿ. ಅಂಚು ಬರುವ ಮುಂಚೆ ಒತ್ತು, ಅಂಚು ದಾಟಿದ ಮೇಲೆ ಬಿಡು. ಸೈಕಲ್ಲು ಸೋಮವಾರ ನೀಲಿಯಾದರೆ ಗುರುವಾರ ಕೆಂಪಾಗುತ್ತಿತ್ತು. ಬಣ್ಣ ಸುರಿದು ಗೆರೆ ಬಿದ್ದರೆ ಮತ್ತೆ ಕೆರೆದು, ಉಜ್ಜಿ, ಹಸಿರು. ಶಾಲೆ ಶುರುವಾದ ಮೇಲೆ ಹುಡುಗರು ಅದಕ್ಕೆ ಗೋಸುಂಬೆ ಅಂತ ಹೆಸರಿಟ್ಟರು. ನನಗೆ ಬೇಜಾರಿರಲಿಲ್ಲ. ನಾಳೆ ಯಾವ ಬಣ್ಣ ಅಂತ ಗೆಳತಿಯರೆಲ್ಲ ನನ್ನನ್ನೇ ಕೇಳುತ್ತಿದ್ದರು.

ಗನ್ ತೊಳೆಯುವುದು ಬಣ್ಣ ಹೊಡೆಯುವುದಕ್ಕಿಂತ ದೊಡ್ಡ ಕೆಲಸ. "ಗನ್ ತೊಳೀದೆ ಊಟಕ್ಕೆ ಕೂರಂಗಿಲ್ಲ" ಅನ್ನುವುದು ಅಪ್ಪಯ್ಯನ ಕಾನೂನು. ಡಬ್ಬಕ್ಕೆ ಥಿನ್ನರ್ ಸುರಿದು, ತಿಳಿಯಾಗಿ ಬರುವ ತನಕ ಹೊಡೆದು, ತುದಿ ಬಿಚ್ಚಿ ಕುಂಚದಲ್ಲಿ ಉಜ್ಜಬೇಕು. ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ವಾಷರ್ ಉಬ್ಬಿ ಹಾಳು. ತೂತು ಕಟ್ಟಿದರೆ ತಂತಿ ಹಾಕಬಾರದು, ತೂತು ದೊಡ್ಡದಾದರೆ ಬಣ್ಣ ಒಂದೇ ಕಡೆ ಬೀಳುತ್ತದೆ. ಅತ್ತೆ ಅದಕ್ಕೆ ಹಿಡಿಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಳ್ಳುತ್ತಿದ್ದಳು. ಹೊಲಿಗೆ ಮೆಷಿನ್ನಿನ ಎಣ್ಣೆಯನ್ನೇ ಗನ್ನಿನ ಕುದುರೆಗೂ ಒಂದು ಹನಿ ಬಿಡುತ್ತಿದ್ದಳು.

ಎಣ್ಣೆ ಅಂದಾಗ ನೆನಪಾಯಿತು. ಒಮ್ಮೆ ಸೈಕಲ್ಲಿನ ಬಣ್ಣದಲ್ಲಿ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಎದ್ದವು. ಅಪ್ಪಯ್ಯ ಚೌಕಟ್ಟನ್ನು ತರಿಸಿಕೊಂಡು ನೋಡಿ, "ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಮುಟ್ಟಿದೀಯ" ಅಂದ. ಕೊಬ್ಬರಿ ಎಣ್ಣೆಯ ಪಸೆ ಇದ್ದಲ್ಲಿ ಬಣ್ಣ ಕೂರುವುದಿಲ್ಲವಂತೆ. ಮೊಣಕಾಲಿನ ತನಕ ಇಳಿಯುತ್ತಿದ್ದ ಅತ್ತೆಯ ಜಡೆ ಆ ಮಳೆಗಾಲವಿಡೀ ಎಣ್ಣೆ ಕಾಣಲಿಲ್ಲ. ಭಾನುವಾರ ಅಭ್ಯಂಜನಕ್ಕೆ ಅಮ್ಮ ಕರೆದರೂ ಬರುತ್ತಿರಲಿಲ್ಲ.

ಹೀಗಿರುವಾಗ ಮೆಣಸೆಯ ಗೋಪಾಲಯ್ಯನವರು ಬಂದರು. ಅವರದು ಒಂದು ಬಿಳಿ ವ್ಯಾನು. ಮೆಣಸೆ, ನೆಮ್ಮಾರ್ ಕಡೆಯ ಮಕ್ಕಳನ್ನು ಶೃಂಗೇರಿಯ ಶಾಲೆಗೆ ಕರೆದೊಯ್ಯುತ್ತಿದ್ದರು. ಶಾಲೆಯ ಗಾಡಿ ಹಳದಿಯೇ ಇರಬೇಕು ಅಂತ ಆಗಿತ್ತು, ಹಳದಿ ಆಗದೆ ಗಾಡಿ ಓಡಿಸಲು ಯೋಗ್ಯ ಅಂತ ಸರ್ಕಾರ ಕೊಡುವ ಎಫ್‌ಸಿ ಆಗುವುದಿಲ್ಲ. "ಎಫ್‌ಸಿ ತಾರೀಕು ಹತ್ತಿರ ಬಂತು ಶೇಷಣ್ಣ. ಗಾಡಿ ನಿಂತ್ರೆ ಅಷ್ಟೂ ಮಕ್ಕಳು ಮಳೇಲಿ ನಡೀಬೇಕು. ನಿಮ್ಮ ಕೈಯಲ್ಲೇ ಆಗ್ಬೇಕು" ಅಂದರು.

ಅಪ್ಪಯ್ಯ ಒಪ್ಪಿಕೊಂಡ. ಯಾರು ಹೊಡೆಯುತ್ತಾರೆ ಎಂಬುದನ್ನು ಹೇಳಲಿಲ್ಲ. ಒಳಗೆ ನಿಂತಿದ್ದ ಅತ್ತೆ ಅದನ್ನು ಕೇಳಿಸಿಕೊಂಡಳು.

ವ್ಯಾನು ಶೆಡ್ಡಿಗೆ ಬಂದ ಮರುದಿನವೇ ಮಳೆ ಹಿಡಿಯಿತು. ಅತ್ತೆ ಅದನ್ನು ಉಜ್ಜಿ, ಒರೆಸಿ, ತಳಬಣ್ಣದ ಪ್ರೈಮರ್ ಹೊಡೆದಳು. ಅದು ಚೆನ್ನಾಗಿಯೇ ಕೂತಿತು. ಆಮೇಲೆ ಎಡಗಡೆಯ ಮೈಗೆ ಹಳದಿ ಹೊಡೆದಳು. ಆ ದಿನ ಕಳಲೆ ಪಲ್ಯ, ಅಕ್ಕಿರೊಟ್ಟಿ. ಅತ್ತೆ ಯಾವತ್ತೂ ಇಲ್ಲದ ಹಾಗೆ ಎರಡು ಸಲ ಬಡಿಸಿಕೊಂಡು ತಿಂದಳು.

ಬೆಳಿಗ್ಗೆ ನೋಡಿದರೆ ಹಳದಿಯ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ, ಬೆವರುಸಾಲೆ ಎದ್ದ ಬೆನ್ನಿನ ಹಾಗೆ. ಅತ್ತೆ ಶೆಡ್ಡಿನಿಂದ ಹೊರಗೆ ಬಂದು, "ಅಣ್ಣಾ" ಅಂತ ಒಂದೇ ಮಾತು ಅಂದಳು. ಅಪ್ಪಯ್ಯ ಬಾಗಿಲಲ್ಲೇ ನಿಂತು ನೋಡಿದ. ಒಳಗೆ ಹೋಗದೆ ಸೀದಾ ಹಿತ್ತಲಿಗೆ ನಡೆದು, ಕಂಪ್ರೆಸರ್ ಟ್ಯಾಂಕಿನ ತಳದ ನಲ್ಲಿ ತಿರುಗಿಸಿದ. ಬುಸ್ಸೆಂದು ಕಂದುಬಣ್ಣದ ನೀರು ಹಾರಿತು.

"ನೀರು ಬಿಟ್ಟಿದ್ದೆ ಅಣ್ಣ. ಬೆಳಿಗ್ಗೆ ದಿನಾ ಬಿಡ್ತೀನಿ."

"ಬೇಸಿಗೇಲಿ ಬೆಳಿಗ್ಗೆ ಒಂದ್ಸಲ ಸಾಕು. ಈಗ ಗಾಳಿಯೇ ಅರ್ಧ ನೀರು. ಬಿಸಿ ಗಾಳಿ ಪೈಪಲ್ಲಿ ತಣ್ಣಗಾಗ್ತಾ ಹೋಗಿ, ಆ ನೀರೆಲ್ಲ ಗನ್ನಿಗೆ ಬಂದಿದೆ." ಆಮೇಲೆ ಮೆತ್ತಗೆ ಹೇಳಿದ, "ನಾನೇ ಹೇಳ್ಬೇಕಿತ್ತು. ಇಷ್ಟು ವರ್ಷ ಕೈಯೇ ಮಾಡ್ತಿತ್ತು, ಬಾಯಿಗೆ ಬರ್ಲಿಲ್ಲ."

ಆ ದಿನವೇ ಅವನು ಫ್ರಿಡ್ಜ್ ರಿಪೇರಿಯವನ ಹತ್ತಿರ ಹಳೇ ತಾಮ್ರದ ಕೊಳವೆ ತಂದು, ಸುರುಳಿ ಸುತ್ತಿ, ಸೂರಿನ ನೀರು ಬೀಳುವ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿದ. ಕಂಪ್ರೆಸರಿನ ಗಾಳಿ ಆ ಸುರುಳಿಯಲ್ಲಿ ಸುತ್ತಿ ತಣ್ಣಗಾಗಬೇಕು, ಅದರ ನೀರು ಮುಂದೆ ಗೋಡೆಗೆ ಸಿಕ್ಕಿಸಿದ ಗಾಜಿನ ಬಟ್ಟಲಿನಂಥ ಫಿಲ್ಟರಿನಲ್ಲಿ ಇಳಿಯಬೇಕು, ಒಣ ಗಾಳಿ ಮಾತ್ರ ಶೆಡ್ಡಿಗೆ ಹೋಗಬೇಕು. "ಮಳೆನೀರಿಂದ್ಲೇ ಮಳೆ ತೆಗೀತೀನಿ ನೋಡು" ಅಂದ. ಬಹಳ ದಿನದ ಮೇಲೆ ಅವನ ಮುಖ ಕೆಲಸದ ಮುಖವಾಗಿತ್ತು. ಅದನ್ನು ನೋಡಿ ನನಗೆ ಖುಷಿಯಾಯಿತು, ಅಮ್ಮನಿಗೆ ಆಗಲಿಲ್ಲ. ಅವಳಿಗೆ ಮುಂದಿನದು ಗೊತ್ತಾಗಿತ್ತೇನೋ.

ಅತ್ತೆ ಗುಳ್ಳೆ ಎದ್ದ ಮೈಯನ್ನೆಲ್ಲ ಮತ್ತೆ ಉಜ್ಜಿ ನುಣುಪು ಮಾಡಿದಳು. ಆಮೇಲೆ ನಾವೆಲ್ಲ ಮಳೆ ಬಿಟ್ಟು ಹೊಳವಾಗುವುದನ್ನೇ ಕಾಯುತ್ತಾ ಕೂತೆವು. ಅಮ್ಮನೂ ನಾನೂ ಜಗಲಿಯಲ್ಲಿ ಚೆನ್ನೆಮಣೆ ಆಡಿದೆವು. ಅತ್ತೆ ಆಕಾಶ ನೋಡುತ್ತಿದ್ದಳು. ಅಪ್ಪಯ್ಯ ಅತ್ತೆಯ ಕೈ ನೋಡುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಮೋಡ ಹರಿದು ಬಿಸಿಲು ಬಿತ್ತು. ಅತ್ತೆ ಕಂಪ್ರೆಸರ್ ಹಾಕಿ, ನೀರೆಲ್ಲ ಬಿಟ್ಟು, ಒದ್ದೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಶೆಡ್ಡಿನೊಳಗೆ ಹೋದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಅಪ್ಪಯ್ಯ ಕೋಣೆಯಿಂದ ಹೊರಗೆ ಬಂದ. ಬಣ್ಣದ ಕಲೆಗಳ ಹಳೇ ಖಾಕಿ ಅಂಗಿ ತೊಟ್ಟಿದ್ದ. ಕೈಯಲ್ಲಿ ಒದ್ದೆ ಟವೆಲ್ಲು. ಯಾರ ಮುಖವನ್ನೂ ನೋಡದೆ ಅಂಗಳ ದಾಟಿದ.

ಅವನ ಚಪ್ಪಲಿಯ ಸದ್ದು ಒಳಗೆ ಕೇಳಿಸಿರಬೇಕು. ಶೆಡ್ಡಿನ ಬಾಗಿಲು ಧಡ್ ಅಂತ ಮುಚ್ಚಿತು. ಚಿಲಕ ಬಿತ್ತು.

"ವನಜಾ, ಬಾಗ್ಲು ತೆಗಿ."

"ಎಂತಕ್ಕೆ?"

"ಇದೊಂದು ಗಾಡಿ ನಾನು ಹೊಡೀತೀನಿ. ಇನ್ನೊಂದ್ಸಲ ಹಾಳಾದ್ರೆ ಎಫ್‌ಸಿಗೆ ಆಗಲ್ಲ. ಇದೊಂದೇ. ತೆಗಿ."

"ತೆಗಿಯಲ್ಲ ಅಣ್ಣ."

ಅಪ್ಪಯ್ಯ ಬಾಗಿಲು ಬಡಿದ. ತಗಡಿನ ಬಾಗಿಲು ಬೀದಿಗೆಲ್ಲ ಕೇಳುವ ಹಾಗೆ ಗಡಗಡ ಅಂದಿತು. "ಇದು ನನ್ನ ಶೆಡ್ಡು! ನಿಂಗೆ ಕಲಿಸಿದ್ದು ನಾನು!" ಅಂತ ಕೂಗಿದ. ಕೂಗಿದ್ದಕ್ಕೆ ಕೆಮ್ಮು ಬಂತು. ಕೆಮ್ಮುತ್ತಲೇ ಮತ್ತೆ ಬಡಿದ. ಒಳಗಿನಿಂದ ಅತ್ತೆ ಹೇಳಿದಳು, "ಆ ಕೆಮ್ಮು ನಿಲ್ಸಿ ಆಮೇಲೆ ಜಗಳ ಮಾಡು. ಗಾಡಿ ಹಾಳಾದ್ರೆ ಇನ್ನೊಂದ್ಸಲ ಉಜ್ಜಕ್ಕಾಗ್ತದೆ. ನಿನ್ನನ್ನ ಹೆಂಗೆ ಉಜ್ಜದು?"

ಅಪ್ಪಯ್ಯ ಬಾಗಿಲು ಬಿಟ್ಟು ಹಿತ್ತಲಿಗೆ ಹೋದ. ಕಂಪ್ರೆಸರಿನ ಸ್ವಿಚ್ಚಿನ ಮೇಲೆ ಕೈಯಿಟ್ಟ. ಗಾಳಿ ನಿಲ್ಲಿಸಿದರೆ ಅವಳು ಹೊರಗೆ ಬರಲೇಬೇಕು. ಅಮ್ಮ ಹಿತ್ತಲ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ದನಿ ಏರಿಸದೆ ಹೇಳಿದಳು: "ಮಾಡೋದಾದ್ರೆ ಆಫ್ ಮಾಡಿ. ಬಣ್ಣ ಹಾಳಾದ್ರೆ ಅವಳು ಮಾಡಿದ್ದು ಅಂತ ಮಾತ್ರ ಹೇಳ್ಬೇಡಿ."

ಸ್ವಿಚ್ಚಿನ ಮೇಲಿದ್ದ ಕೈ ಹಾಗೇ ಇತ್ತು. ಆಮೇಲೆ ಇಳಿಯಿತು. ಅಪ್ಪಯ್ಯ ಅಂಗಳಕ್ಕೆ ಬಂದು, ಶೆಡ್ಡಿನ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ. ಒಳಗೆ ಗನ್ನಿನ ಸದ್ದು ಶುರುವಾಯಿತು. ಸ್ಸ್ಸ್, ಸ್ವಲ್ಪ ಬಿಡುವು, ಮತ್ತೆ ಸ್ಸ್ಸ್.

ಸ್ವಲ್ಪ ಹೊತ್ತು ಕೇಳಿಸಿಕೊಂಡ ಅಪ್ಪಯ್ಯ, "ಬೇಗ ಹೋಗ್ತಿದೀಯ ಕಣೇ" ಅಂದ.

ಸದ್ದು ನಿಧಾನವಾಯಿತು.

"ಹಂಗೆ. ಈಗ ನಿಲ್ಸು. ಗಾಳಿ ಕಡಿಮೆ ಆಯ್ತು, ಟ್ಯಾಂಕ್ ತುಂಬ್ಲಿ."

"ಫಿಲ್ಟರ್ ನೋಡು ಅಣ್ಣ, ನೀರು ತುಂಬಿದ್ಯಾ?"

ಅಪ್ಪಯ್ಯ ಎದ್ದು ಹೋಗಿ ಗಾಜಿನ ಬಟ್ಟಲಿನ ನೀರು ಬಿಟ್ಟು ಬಂದ. ಬಾಗಿಲ ಸಂದಿಯಿಂದ ಥಿನ್ನರ್ ವಾಸನೆ ಬರತೊಡಗಿದಾಗ ಅಮ್ಮ ಬೆಂಚನ್ನು ಎಳೆದು ದೂರ ಹಾಕಿದಳು. ಅಪ್ಪಯ್ಯ ಅಲ್ಲಿಗೆ ಹೋಗಿ ಕೂತು ಇನ್ನಷ್ಟು ಜೋರಾಗಿ ಕೂಗಿದ. ಅಮ್ಮ ಇನ್ನೂ ದೂರ ಎಳೆದಳು. ಕೊನೆಗೆ ಅವನು ರಸ್ತೆಯ ಬದಿಗೇ ಬಂದಿದ್ದ. ಸಂತೆಗೆ ಹೋಗುವವರು ನಿಂತು, ಇವನು ಮುಚ್ಚಿದ ಬಾಗಿಲಿಗೆ ಯಾಕೆ ಹೀಗೆ ಕೂಗುತ್ತಿದ್ದಾನೆ ಅಂತ ನೋಡಿ ಹೋದರು.

ಕೊನೆಯ ಸುತ್ತಿಗೆ ಅಪ್ಪಯ್ಯ ಏನನ್ನೂ ಹೇಳಲಿಲ್ಲ. ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ ಕೇಳುತ್ತಾ ಕೂತಿದ್ದ. ಒಳಗಿನಿಂದ ಅತ್ತೆ, "ಅಣ್ಣಾ, ಸರಿ ಹೋಗ್ತಿದ್ಯಾ?" ಅಂತ ಕೇಳಿದಳು. ಮತ್ತೆ ಕೇಳಿದಾಗ ಅವನು, "ತಪ್ಪಿದ್ರೆ ಹೇಳ್ತಿರ್ಲಿಲ್ಲನಾ?" ಅಂದ. ಅವನ ದನಿ ಒಡೆದಿತ್ತು. ಕೆಮ್ಮಿನಿಂದ ಅಂತ ಆಗ ನಾನು ತಿಳಿದುಕೊಂಡೆ.

ಬಣ್ಣ ಒಣಗಿತು. ಗುಳ್ಳೆ ಏಳಲಿಲ್ಲ. ಆ ಮಂಕು ಮಳೆಗಾಲದಲ್ಲಿ ವ್ಯಾನು ಸಿಪ್ಪೆ ಸುಲಿಯದ ಬಾಳೆಹಣ್ಣಿನ ಹಾಗೆ ನಿಂತಿತ್ತು. ಗೋಪಾಲಯ್ಯನವರು ಬಂದು ಸುತ್ತ ಒಂದು ಬಾರಿ ನಡೆದು, ಅಂಗೈಯಲ್ಲಿ ಬಾಗಿಲು ಸವರಿದರು.

"ಎಂಥಾ ನೈಸು ಶೇಷಣ್ಣ! ನಿಮ್ಮ ಕೈ ಅಂದ್ರೆ ಕೈ."

ವನಜತ್ತೆ ಜಗಲಿಯ ಕಂಬದ ಹತ್ತಿರ ನಿಂತಿದ್ದಳು. ಅಪ್ಪಯ್ಯ ಅವಳ ಕಡೆ ನೋಡಲಿಲ್ಲ, ನೆಲ ನೋಡುತ್ತಾ ಹೇಳಿದ: "ನನ್ನ ಕೈ ಅಲ್ಲ ಮಾರಾಯ್ರೆ. ನಮ್ಮ ವನಜ ಹೊಡೆದಿದ್ದು. ನನ್ನ ತಂಗಿ."

"ಹೌದನಾ?" ಗೋಪಾಲಯ್ಯನವರು ಮತ್ತೊಮ್ಮೆ ಬಾಗಿಲು ಸವರಿದರು. "ಮೊದ್ಲೇ ಹೇಳಿದ್ರೆ ನಾನು ಗಾಡಿ ಬಿಡ್ತಿರ್ಲಿಲ್ಲ."

"ಅದಕ್ಕೇ ಹೇಳಿರ್ಲಿಲ್ಲ. ಇನ್ನು ಎಲ್ರಿಗೂ ಹೇಳೇ ತಗೊಳ್ತೀನಿ. ಬೇಕಾದ್ರೆ ಕೊಡ್ಲಿ, ಬೇಡದಿದ್ರೆ ಬಿಡ್ಲಿ."

ಅತ್ತೆ ಜಗಲಿ ಇಳಿದು ಬಂದಳು. ಗಾಡಿಯ ಹಿಂದೆ ಬಗ್ಗಿ, "ಇಲ್ಲಿ ಕೆಳಗೆ ಸ್ವಲ್ಪ ಬಣ್ಣ ಇಳಿದು ಗೆರೆ ಬಿದ್ದಿದೆ. ಮಳೆ ಬಿಟ್ಟ ಮೇಲೆ ತಂದ್ರೆ ಸರಿ ಮಾಡಿಕೊಡ್ತೀನಿ" ಅಂದಳು. ಗೋಪಾಲಯ್ಯನವರು ಕನ್ನಡಕ ಸರಿಮಾಡಿಕೊಂಡು ಹುಡುಕಿದರು. ಅವರಿಗೆ ಅದು ಕಾಣಲಿಲ್ಲ. ಆದರೂ ದೀಪಾವಳಿ ಕಳೆದ ಮೇಲೆ ಗಾಡಿ ತಂದರು. ಜೊತೆಗೆ ತಮ್ಮ ಅಳಿಯನ ಜೀಪನ್ನೂ ತಂದರು.

ಆಮೇಲಿನ ವರ್ಷಗಳಲ್ಲಿ ಶೆಡ್ಡನ್ನು ನಡೆಸಿದವಳು ವನಜತ್ತೆಯೇ. ಹೇಳಿದ ಮೇಲೆ ಗಾಡಿ ವಾಪಸ್ಸು ತೆಗೆದುಕೊಂಡು ಹೋದವರೂ ಇದ್ದರು. ಉಳಿದವರು ಸಾಕಾಗುವಷ್ಟಿದ್ದರು. ಅಪ್ಪಯ್ಯ ದೂರದ ಬೆಂಚಿನಲ್ಲಿ ಕೂತು ಬಣ್ಣ ಬೆರೆಸುವ ಲೆಕ್ಕ ಹೇಳುತ್ತಾ, ಮೊಮ್ಮಕ್ಕಳನ್ನು ಆಡಿಸಿ, ತಲೆ ಪೂರ್ತಿ ಹಣ್ಣಾಗುವ ತನಕ ಬದುಕಿದ. ಕೊನೆಯ ತನಕ ಅವನ ಉಸಿರು ಅವನಿಗೆ ಸಾಕಾಯಿತು.

ಈಗ ಬಣ್ಣ ಹೋಗುವ ಮೊದಲೇ ಜನ ಗಾಡಿಯನ್ನೇ ಬದಲಾಯಿಸುತ್ತಾರೆ. ಗೀರು ಬಿದ್ದರೆ ಕಂಪನಿಯ ವರ್ಕ್‌ಶಾಪಿಗೆ ಕಳಿಸುತ್ತಾರೆ. ಅಲ್ಲಿ ಗಾಜಿನ ಕೋಣೆಯಿದೆ, ಗಾಳಿ ಒಣಗಿಸಲು ಮೆಷಿನ್ ಇದೆ, ಕೆಲಸದವರ ಮುಖಕ್ಕೆ ಬೇರೆ ಗಾಳಿ ತರುವ ಮುಖವಾಡವಿದೆ. ಅದನ್ನು ನೋಡಿದಾಗ ನನಗೆ ಹಳೆಯದೇ ಚೆಂದವಿತ್ತು ಅನ್ನಿಸುವುದಿಲ್ಲ. ಇದೆಲ್ಲ ಅಷ್ಟು ತಡವಾಗಿ ಯಾಕೆ ಬಂತು ಅನ್ನಿಸುತ್ತದೆ. ಕೊಪ್ಪದ ನಮ್ಮ ಶೆಡ್ಡಿನಲ್ಲಿ ಈಗ ಟೈಲ್ಸ್ ಅಂಗಡಿಯಿದೆ.

ನಾನು ನರಸಿಂಹರಾಜಪುರದಲ್ಲಿ ಟೀಚರಾಗಿದ್ದೇನೆ. ವನಜತ್ತೆ ನಮ್ಮ ಜೊತೆಗೇ ಇದ್ದಾಳೆ. ಮಕ್ಕಳಿಗೆ ಅಜ್ಜಿ, ಬೀದಿಗೆಲ್ಲ ಅತ್ತೆ. ಕಣ್ಣು ಚುರುಕಾಗಿದೆ, ಕೈ ಇವತ್ತಿಗೂ ನಡುಗುವುದಿಲ್ಲ. ಮೂಗು ಮಾತ್ರ ಹೋಗಿದೆ, ಯಾವ ವಾಸನೆಯೂ ತಿಳಿಯುವುದಿಲ್ಲ. ಯಾವಾಗ ಹೋಯಿತೆಂದು ಅವಳಿಗೂ ಸರಿಯಾಗಿ ಗೊತ್ತಿಲ್ಲ. ಶೆಡ್ಡಿನಲ್ಲಿ ಇರುವಾಗಲೇ ಮೆಲ್ಲಗೆ ಹೋಗಿರಬೇಕು, ಯಾರಿಗೂ ಹೇಳಿರಲಿಲ್ಲ. ಮಲ್ಲಿಗೆ ಮುಡಿಯುತ್ತಾಳೆ, ಏಲಕ್ಕಿ ಕುಟ್ಟುತ್ತಾಳೆ, ಮೊದಲ ಮಳೆಗೆ ಮಕ್ಕಳೆಲ್ಲ "ಮಣ್ಣಿನ ವಾಸನೆ!" ಅಂತ ಅಂಗಳಕ್ಕೆ ಓಡಿದಾಗ ಅವಳೂ ಹೋಗಿ ನಿಲ್ಲುತ್ತಾಳೆ.

ಮೊನ್ನೆ ಬೆಣ್ಣೆ ಕಾಯಿಸುತ್ತಿದ್ದಳು. ನಾನು ಒಳಗೆ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ತುಪ್ಪದ ಘಮ ಮನೆಯೆಲ್ಲ ತುಂಬಿ, ಪಕ್ಕದ ಮನೆಯ ಮಗು ಕೂಡ ಕಿಟಕಿಯಿಂದ ಇಣುಕಿ ನೋಡಿ ಹೋಯಿತು. ಅತ್ತೆ ಒಲೆಯ ಮುಂದೆ ನಿಂತು, ಪಾತ್ರೆಯೊಳಗೆ ಬಗ್ಗಿ ಬಗ್ಗಿ ನೊರೆಯನ್ನೇ ನೋಡುತ್ತಿದ್ದಳು. ಆಮೇಲೆ ಕೂಗಿದಳು.

"ಕೂಸೇ, ಒಂದು ಗಳಿಗೆ ಬಾರೇ. ಹದ ಬಂತಾ ನೋಡು."

ನಾನು ಎದ್ದು ಹೋಗಿ ಅವಳ ಪಕ್ಕ ನಿಂತು ಉಸಿರೆಳೆದುಕೊಂಡೆ.

"ಬಂತು ಅತ್ತೆ. ಇಳಿಸು."